ಹತ್ತು ವನಗಳಲ್ಲಿ ಮೂರು

ಪೂರ್ವ ಆಫ್ರಿಕದ ಭೂಪಟವನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತ ಪ್ರವಾಸಿಗನ ಕಣ್ಣಿಗೆ ಮೊದಲು ಬೀಳುವುದು ಹಸಿರು ಬಣ್ಣದ ತೇಪೆಗಳು. ಕೀನ್ಯದಲ್ಲಿ ಮಸಾಯಿ ಮಾರಾ, ಅಂಬೊಸೆಲಿ, ತ್ಸಾವೊ, ನಕುರು, ಸಾಂಬುರು; ಟಾಂಜಾನಿಯದಲ್ಲಿ ಸೆರೆಂಗೆಟಿ, ಎನ್‌ಗೊರೊಂಗೊರೊ, ತರಂಗಿರೆ, ಮನ್ಯಾರಾ; ಪಶ್ಚಿಮಕ್ಕೆ ಯುಗಾಂಡದಲ್ಲಿ ಬ್ವಿಂಡಿ. ಹೆಸರುಗಳೇ ಮೃದಂಗದ ಜತಿಗಳಂತೆ ಕಿವಿಗೆ ಇಂಪು. ರಜೆಯೋ ಹತ್ತು ದಿನಗಳದು. ಕೂಡಿಟ್ಟ ಹಣ ಹಲವು ವರ್ಷಗಳದು. ಮತ್ತೊಮ್ಮೆ ಅತ್ತ ಹೋಗುವ ಯೋಗ ಕೂಡಿಬರುವುದೋ ಇಲ್ಲವೋ! ಹೀಗಿರುವಾಗ ಒಂದನ್ನಾದರೂ ಬಿಡಲು ಮನಸ್ಸು ಹೇಗೆ ಒಪ್ಪೀತು? ಪೆನ್ಸಿಲು ಒಂದು ತೇಪೆಯಿಂದ ಮತ್ತೊಂದಕ್ಕೆ ಗೆರೆಯೆಳೆಯುತ್ತ ಸಾಗುತ್ತದೆ, ಪಟ್ಟಿ ಬೆಳೆಯುತ್ತದೆ.

ತಪ್ಪು ಆರಂಭವಾಗುವುದು ಇಲ್ಲಿಯೇ. ಭೂಪಟದಲ್ಲಿ ಬೆರಳಗಲವಾದದ್ದು ನೆಲದ ಮೇಲೆ ಒಂದು ದಿನದ ಪ್ರಯಾಣ. ನೈರೋಬಿಯಿಂದ ಮಸಾಯಿ ಮಾರಾಕ್ಕೆ ಸುಮಾರು 270 ಕಿಲೋಮೀಟರು. ರಸ್ತೆಯಲ್ಲಿ ಐದಾರು ಗಂಟೆಗಳಾದರೂ ಬೇಕು. ಸೆರೆಂಗೆಟಿಯೊಂದರ ವಿಸ್ತೀರ್ಣವೇ 14,763 ಚದರ ಕಿಲೋಮೀಟರು. ನಮ್ಮ ಕೊಡಗಿನಂಥ ಮೂರು ಜಿಲ್ಲೆಗಳನ್ನು ಅದರೊಳಗೆ ಇಟ್ಟರೂ ಇನ್ನಷ್ಟು ಜಾಗ ಮಿಗುತ್ತದೆ. ಕಾಡುಪ್ರಾಣಿಗಳು ಚೆನ್ನಾಗಿ ಕಾಣಿಸಿಕೊಳ್ಳುವುದು ಬೆಳಗಿನ ಮೊದಲ ಎರಡು ಮೂರು ಗಂಟೆಗಳಲ್ಲಿ, ಹಾಗೂ ಸಂಜೆಯ ಇಳಿಹೊತ್ತಿನಲ್ಲಿ. ಹತ್ತು ದಿನಗಳಲ್ಲಿ ಏಳು ವನಗಳನ್ನು ಮುಟ್ಟಿಬರಲು ಹೊರಟವನು ಈ ಅಮೂಲ್ಯವಾದ ಹೊತ್ತನ್ನೆಲ್ಲ ಪೆಟ್ಟಿಗೆ ಕಟ್ಟುವುದರಲ್ಲಿ, ಬಿಚ್ಚುವುದರಲ್ಲಿ ಕಳೆಯುತ್ತಾನೆ. ಊರಿಗೆ ಹಿಂದಿರುಗಿದ ಮೇಲೆ ಅವನ ನೆನಪಿನಲ್ಲಿ ಅಚ್ಚಳಿಯದೆ ಉಳಿಯುವುದು ಸಿಂಹದ ಮುಖವಲ್ಲ, ವಾಹನ ಚಾಲಕನ ಬೆನ್ನು! ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಯನ್ನು ಹಿರಿಯರು ಇಂಥವರಿಗಾಗಿಯೇ ಹೇಳಿದಂತಿದೆ.

ಹಾಗಾದರೆ ಆ ಒಂದು ಮುತ್ತನ್ನು ಆರಿಸುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಕಬಿನಿಯ ದಡದಲ್ಲಿಯೇ ಇದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಜಲಾಶಯದ ನೀರು ಇಳಿದು, ತೆರೆದುಕೊಂಡ ಅಂಚಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ; ಕಾಡಿನೊಳಗಣ ಹಳ್ಳಕೊಳ್ಳಗಳು ಬತ್ತಿರುತ್ತವೆ. ಆಗ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಮಳೆ ಹಿಡಿದು ಕಾಡಿನಲ್ಲೆಲ್ಲ ನೀರಾದ ಮೇಲೆ ಅದೇ ದಡಕ್ಕೆ ಹೋದವನಿಗೆ ಬರಿಯ ನೀರು ಕಂಡೀತು. ಕಾಡು ಅದೇ, ಆನೆಗಳೂ ಅವೇ. ಬದಲಾದದ್ದು ತಿಂಗಳು ಮಾತ್ರ. ಪೂರ್ವ ಆಫ್ರಿಕದ ವನಗಳಿಗೂ ಇದೇ ನಿಯಮ. ಅಲ್ಲಿ ಪ್ರತಿಯೊಂದು ವನವೂ ನೀರನ್ನು ಹಿಡಿದಿಡುವ ಒಂದೊಂದು ಬಗೆ. ಆದುದರಿಂದ ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಬೇಕು. ಆ ತಿಂಗಳಲ್ಲಿ ನೀರು ಎಲ್ಲಿರುತ್ತದೆಂದು ತಿಳಿಯಬೇಕು. ವನದ ಹೆಸರು ಆಮೇಲೆ.

ಅಲ್ಲಿ ಮಳೆಗಾಲ ಎರಡು. ಮಾರ್ಚಿಯಿಂದ ಮೇ ತನಕ ಸುರಿಯುವ ದೊಡ್ಡ ಮಳೆಗೆ ಸ್ವಾಹಿಲಿ ಭಾಷೆಯಲ್ಲಿ ‘ಮಸಿಕಾ’ ಎಂದು ಹೆಸರು. ನವೆಂಬರ್, ಡಿಸೆಂಬರುಗಳ ಸಣ್ಣ ಮಳೆ ‘ವುಲಿ’. ನಮ್ಮ ಸಂಸಾರವಂದಿಗರಿಗೆ ತೊಡಕು ಬರುವುದು ಇಲ್ಲಿ. ನಮ್ಮ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಅಲ್ಲಿ ಮಸಿಕಾ ಬಿರುಸಾಗಿರುವುದೂ ಆಗಲೇ. ಆ ಬಯಲುಗಳಲ್ಲಿ ಹಲವೆಡೆ ನಮ್ಮ ಧಾರವಾಡದ ಕಡೆಯಂತೆ ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಚಕ್ರ ಹೂತು ನಿಲ್ಲುತ್ತದೆ. ಹಲವು ಬಿಡಾರಗಳು ಆ ದಿನಗಳಲ್ಲಿ ಬಾಗಿಲು ಹಾಕಿರುತ್ತವೆ. ತೆರೆದಿರುವ ಕಡೆ ಬಾಡಿಗೆ ಕಡಿಮೆ, ಜನಸಂದಣಿಯೂ ಕಡಿಮೆ ಎಂಬುದು ನಿಜ. ಆದರೆ ಹುಲ್ಲು ಎತ್ತರವಾಗಿ, ನೀರು ಎಲ್ಲೆಡೆಯೂ ದೊರೆತು ಪ್ರಾಣಿಗಳು ಚದರಿಹೋಗಿರುತ್ತವೆ. ಇದಕ್ಕೆ ಹೋಲಿಸಿದರೆ ಅಕ್ಟೋಬರಿನಲ್ಲಿ ಬರುವ ದಸರಾ ರಜೆ ಚಿಕ್ಕದಾದರೂ ಚೊಕ್ಕವಾದುದು. ಜೂನ್ ತಿಂಗಳಿಂದ ಒಣಗುತ್ತ ಬಂದ ನೆಲ ಆಗ ಕೊನೆಯ ಹನಿಗಾಗಿ ಬಾಯ್ದೆರೆದಿರುತ್ತದೆ. ಉಳಿದಿರುವ ನೀರಿನ ಸುತ್ತ ವನದ ಸಭೆಯೇ ನೆರೆದಿರುತ್ತದೆ.

ಈ ನೀರಿನ ಕಥೆಯಲ್ಲಿ ಹಿರಿಯ ಪಾತ್ರ ಸೆರೆಂಗೆಟಿಯದು. ಎತ್ತಿನ ತಲೆ, ಕುದುರೆಯ ಬಾಲ, ಮೇಕೆಯ ಗಡ್ಡಗಳನ್ನು ಕೂಡಿಸಿ ಮಾಡಿದಂತಿರುವ ವೈಲ್ಡ್‌ಬೀಸ್ಟ್ ಎಂಬ ಹುಲ್ಲೆಯ ಜಾತಿ ಇಲ್ಲಿ ಸುಮಾರು 13 ಲಕ್ಷ. ಅವುಗಳಿಗೆ ನೆಲೆಯೆಂಬುದಿಲ್ಲ, ಮಳೆ ಬಿದ್ದ ಕಡೆಗೆ ನಡೆಯುವುದೇ ಬಾಳು. ಜನವರಿಯಿಂದ ಮಾರ್ಚಿಯವರೆಗೆ ಅವು ದಕ್ಷಿಣದ ನ್ದುಟು ಸುತ್ತಣ ಗಿಡ್ಡ ಹುಲ್ಲಿನ ಬಯಲಿನಲ್ಲಿರುತ್ತವೆ. ಜ್ವಾಲಾಮುಖಿಗಳ ಬೂದಿ ಬಿದ್ದು ಹದಗೊಂಡ ಆ ನೆಲದ ಹುಲ್ಲು ಹಾಲೂಡುವ ತಾಯಿಗಳಿಗೆ ಪುಷ್ಟಿಕರವಾದುದು. ಫೆಬ್ರುವರಿಯ ಎರಡು ಮೂರು ವಾರಗಳಲ್ಲಿ ಲಕ್ಷಾಂತರ ಕರುಗಳು ಅಲ್ಲಿ ಹುಟ್ಟುತ್ತವೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ನಿಂತು ಓಡತೊಡಗುತ್ತವೆ. ಮಳೆ ನಿಂತು ಬಯಲು ಒಣಗಿದೊಡನೆ ಹಿಂಡುಗಳು ಉತ್ತರಕ್ಕೆ ತಿರುಗಿ, ಜುಲೈಯಿಂದ ಅಕ್ಟೋಬರಿನ ತನಕ ಮಾರಾ ನದಿಯ ಎರಡೂ ಕಡೆ ಸುಳಿದಾಡುತ್ತವೆ. ಮೊಸಳೆಗಳಿಂದ ತುಂಬಿದ ಆ ನದಿಯನ್ನು ಅವು ದಾಟುವ ನೋಟವೇ ಚಿತ್ರಗಳಲ್ಲೆಲ್ಲ ಕಾಣುವಂಥದು.

ಹೀಗಾಗಿ ಸೆರೆಂಗೆಟಿಯೋ ಮಾರಾವೋ ಎಂಬ ಪ್ರಶ್ನೆ ಹೆಸರುಗಳ ನಡುವಣ ಸ್ಪರ್ಧೆಯಲ್ಲ. ಅದು ಪಂಚಾಂಗದ ಪ್ರಶ್ನೆ. ಫೆಬ್ರುವರಿಯಲ್ಲಿ ಹೋಗುವವನು ನದಿ ದಾಟುವ ಹಿಂಡನ್ನು ಬಯಸಬಾರದು. ಅಕ್ಟೋಬರಿನಲ್ಲಿ ಹೋಗುವವನು ಕರುಗಳನ್ನು ಅರಸಬಾರದು. ಎರಡೂ ಒಂದೇ ಹುಲ್ಲುಗಾವಲಿನ ಎರಡು ತುದಿಗಳು. ಆದರೂ ಎರಡರ ನಡುವೆ ಇದ್ದ ನೇರ ದಾರಿ 1977ರಲ್ಲಿ ಮುಚ್ಚಿತು. ವೈಲ್ಡ್‌ಬೀಸ್ಟುಗಳು ರಹದಾರಿಯಿಲ್ಲದೆ ದಾಟುವ ಗಡಿಯನ್ನು ಮನುಷ್ಯನು ಮಾತ್ರ ಪಶ್ಚಿಮದ ಇಸೆಬಾನಿಯಾ ಅಥವಾ ಪೂರ್ವದ ನಮಾಂಗಾ ಠಾಣೆಯಿಂದ ಸುತ್ತಿ ಹೋಗಬೇಕು. ಒಂದೇ ಪ್ರವಾಸದಲ್ಲಿ ಎರಡನ್ನೂ ಸೇರಿಸಿದರೆ ಒಂದು ದಿನ ಪೂರ್ತಿ ಹೋಯಿತೆಂದೇ ಲೆಕ್ಕ.

ಬೇಸಗೆಯ ನೀರಿಗೆ ತರಂಗಿರೆ ಒಳ್ಳೆಯ ಸಾಕ್ಷಿ. ಅರುಷಾ ಪಟ್ಟಣದಿಂದ ಎರಡು ಮೂರು ಗಂಟೆಗಳ ದಾರಿ. ಒಣ ತಿಂಗಳುಗಳಲ್ಲಿ ಅಲ್ಲಿನ ನದಿಯೊಂದೇ ಸುತ್ತಲಿನ ಪ್ರದೇಶಕ್ಕೆ ಆಸರೆ. ಆನೆಗಳು ಮರಳನ್ನು ತೋಡಿ ನೀರು ತೆಗೆಯುತ್ತವೆ. ದಡದುದ್ದಕ್ಕೂ ಬಾವೊಬಾಬ್ ಮರಗಳು. ಸವಣೂರಿನ ದೊಡ್ಡಹುಣಸೆ ಮಠದ ಅಂಗಳದ ಆ ದೈತ್ಯ ಮರಗಳನ್ನು ನೋಡಿದವರಿಗೆ ಇವು ಹೊಸಬರೆನಿಸಲಾರವು. ಎರಡೂ ಒಂದೇ ಜಾತಿಯವು. ಮಳೆ ಬಂದರೆ ತರಂಗಿರೆಯ ಆನೆಗಳು ಹೊರಗಿನ ಬಯಲುಗಳಿಗೆ ಹರಡಿಕೊಳ್ಳುತ್ತವೆ. ಆದುದರಿಂದ ಅಕ್ಟೋಬರಿನಲ್ಲಿ ಇದು ಮುತ್ತು. ಏಪ್ರಿಲಿನಲ್ಲಿ ಹೆಸರು ಮಾತ್ರ.

ಕೀನ್ಯದ ಅಂಬೊಸೆಲಿಯ ಬಗೆ ಬೇರೆ. ಅಲ್ಲಿ ಮಳೆ ಅಲ್ಪ, ಧೂಳು ಅಪಾರ. ಆದರೂ ನಡುವೆ ವರ್ಷವಿಡೀ ಬತ್ತದ ಜೌಗುನೆಲ. ಟಾಂಜಾನಿಯದೊಳಗೆ 5,895 ಮೀಟರು ಎತ್ತರಕ್ಕೆ ನಿಂತ ಕಿಲಿಮಂಜಾರೊ ಪರ್ವತದ ನೀರು ನೆಲದೊಳಗೆ ಹರಿದು ಬಂದು ಇಲ್ಲಿ ಒರತೆಯಾಗಿ ಉಕ್ಕುತ್ತದೆ. ಎದೆಮಟ್ಟದ ಜೌಗಿನಲ್ಲಿ ನಿಂತು ಹಸಿರು ಮೇಯುವ ಆನೆಗಳು, ಹಿಂದೆ ಹಿಮದ ಮುಡಿ; ಆದರೆ ಬೆಳಗಾಗುವ ಮುನ್ನವೇ ಎದ್ದವನಿಗೆ ಮಾತ್ರ ಈ ಭಾಗ್ಯ, ಏಕೆಂದರೆ ಹೊತ್ತೇರಿದಂತೆ ಮೋಡ ಶಿಖರವನ್ನು ಮುಚ್ಚುತ್ತದೆ. ಈ ಆನೆಗಳ ಸಂಸಾರಗಳನ್ನು ವಿಜ್ಞಾನಿಗಳು 1972ರಿಂದ ಒಂದೊಂದಾಗಿ ಗುರುತಿಸುತ್ತ, ಹೆಸರಿಡುತ್ತ ಬಂದಿದ್ದಾರೆ.

ಯಾವ ತಿಂಗಳಲ್ಲಿಯೂ ಪಟ್ಟಿಯಲ್ಲಿಡಬಹುದಾದ ಒಂದು ಸ್ಥಳವೆಂದರೆ ಎನ್‌ಗೊರೊಂಗೊರೊ. ಪುರಾತನ ಜ್ವಾಲಾಮುಖಿಯೊಂದು ಕುಸಿದು ಆದ ಬೋಗುಣಿ ಅದು. ಆಳ ಸುಮಾರು 600 ಮೀಟರು, ತಳದ ಹರವು ಸುಮಾರು 260 ಚದರ ಕಿಲೋಮೀಟರು. ತಳದಲ್ಲಿ ಒರತೆಗಳೂ ಜೌಗೂ ಸದಾ ಇರುವುದರಿಂದ ಬಹುಪಾಲು ಪ್ರಾಣಿಗಳು ಅಲ್ಲಿಯೇ ನೆಲೆಸಿವೆ. ಅಪರೂಪವಾದ ಕಪ್ಪು ಘೇಂಡಾಮೃಗವನ್ನು ಕಾಣುವ ಆಸೆಯುಳ್ಳವರು ಇಲ್ಲಿಗೆ ಬರುತ್ತಾರೆ. ಜಿರಾಫೆ ಮಾತ್ರ ಈ ತಳದಲ್ಲಿಲ್ಲ. ಅಂಚು ಊಟಿಯಷ್ಟೇ ಎತ್ತರದಲ್ಲಿದ್ದು ರಾತ್ರಿ ಚಳಿ ಕಡಿಯುತ್ತದೆ. ಆಫ್ರಿಕವೆಂದರೆ ಬಿಸಿಲೆಂದು ನಂಬಿ ಉಣ್ಣೆಯ ಬಟ್ಟೆಗಳನ್ನು ಮನೆಯಲ್ಲಿ ಬಿಟ್ಟುಬಂದ ಗೃಹಿಣಿಯರು ಇಲ್ಲಿ ಪತಿಗಳ ಮಾತನ್ನು ಕೇಳಿದ್ದಕ್ಕೆ ಪಶ್ಚಾತ್ತಾಪ ಪಡುವುದುಂಟು!

ಇನ್ನು ಬಿಡಬೇಕಾದವು. ನಕುರು ಸರೋವರವನ್ನು ರಾಜಹಂಸಗಳ ಕೆಂಪಿನಿಂದ ತುಂಬಿದಂತೆ ತೋರಿಸುವ ಹಳೆಯ ಚಿತ್ರಗಳನ್ನು ನಂಬಿ ಹೊರಡಬಾರದು. 2010ರ ಈಚೆಗೆ ನೀರಿನ ಮಟ್ಟ ಏರಿ ಉಪ್ಪಿನ ಅಂಶ ತಗ್ಗಿದ ಕಾರಣ ಹಕ್ಕಿಗಳಲ್ಲಿ ಬಹಳಷ್ಟು ಬೇರೆ ಸರೋವರಗಳಿಗೆ ಹೋದುವು. ಘೇಂಡಾಮೃಗಗಳಿಗಾಗಿ ಹೋಗುವುದಾದರೆ ಬೇರೆ ಮಾತು. ತ್ಸಾವೊ ವಿಸ್ತಾರವಾದುದು, 1898ರಲ್ಲಿ ರೈಲುದಾರಿ ಹಾಕುತ್ತಿದ್ದ ಭಾರತೀಯ ಕೂಲಿಗಳನ್ನು ಎರಡು ಸಿಂಹಗಳು ಬಲಿ ತೆಗೆದುಕೊಂಡ ನೆಲ ಅದು. ಮೊಂಬಾಸಾದ ಕಡಲತೀರಕ್ಕೆ ಹೋಗುವವರಿಗೆ ದಾರಿಯಲ್ಲಿ ಸಿಗುತ್ತದೆ, ಉಳಿದವರು ಬಿಡಬಹುದು. ಬ್ವಿಂಡಿಯ ಪರ್ವತ ಗೊರಿಲ್ಲಗಳನ್ನು ನೋಡಲು ಒಂದು ತಂಡದಲ್ಲಿ ಎಂಟೇ ಜನ, ಒಂದೇ ಗಂಟೆ. ಹದಿನೈದು ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಅದು ಮುಂದೊಂದು ದಿನದ ಯಾತ್ರೆ.

ಆರಿಸುವವನು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಭೂಪಟದ ಹಸಿರು ತೇಪೆಗಳು ಬರಿಯ ಪ್ರಾಣಿಗಳ ನೆಲವಾಗಿರಲಿಲ್ಲ. 1959ರಲ್ಲಿ ಸೆರೆಂಗೆಟಿಯಿಂದ ಮಸಾಯಿ ದನಗಾಹಿಗಳನ್ನು ತೆರವುಗೊಳಿಸಿದಾಗ ಅವರಿಗೆ ಎನ್‌ಗೊರೊಂಗೊರೊದ ಎತ್ತರದ ನೆಲದಲ್ಲಿ ಬಾಳಲು ಅವಕಾಶವಾಯಿತು. 2022ರಿಂದ ಅಲ್ಲಿಂದಲೂ ಅವರನ್ನು ದೂರದ ಹಳ್ಳಿಗೆ ಸಾಗಿಸುವ ಯೋಜನೆ ನಡೆದು, ಅದರ ವಿರುದ್ಧ ದೊಡ್ಡ ಕೂಗೆದ್ದಿತು. ಮಾರಾದ ಸುತ್ತಲೋ ಬೇರೊಂದು ಏರ್ಪಾಡು ಬೆಳೆದಿದೆ: ಮಸಾಯಿ ಸಂಸಾರಗಳು ತಮ್ಮ ಹುಲ್ಲುಗಾವಲನ್ನು ವನ್ಯಜೀವಿಗಳಿಗಾಗಿ ಗುತ್ತಿಗೆಗೆ ಬಿಟ್ಟು ತಿಂಗಳು ತಿಂಗಳೂ ಹಣ ಪಡೆಯುತ್ತವೆ. ಅಂಥ ನೆಲದ ಬಿಡಾರದಲ್ಲಿ ತಂಗಿದವನ ಹಣದಲ್ಲಿ ಒಂದು ಪಾಲು ನೆಲದ ಒಡೆಯನ ಮನೆಗೂ ತಲುಪುತ್ತದೆ. ವಾಹನಗಳ ಗದ್ದಲವೂ ಅಲ್ಲಿ ಕಡಿಮೆ. ಇನ್ನು ಮಾರಾ ನದಿಯೇ ಹುಟ್ಟುವ ಮಾವು ಅರಣ್ಯ ಕಳೆದ ಹಲವು ದಶಕಗಳಲ್ಲಿ ಬಹಳಷ್ಟು ಕಡಿಮೆಯಾಗಿದೆ. ಒಣ ತಿಂಗಳುಗಳಲ್ಲಿ ಆ ನದಿ ಬತ್ತಿದರೆ 13 ಲಕ್ಷ ಜೀವಗಳಿಗೆ ಬೇರೆ ನೀರಿಲ್ಲ.

ಕೊನೆಗೆ ಪಟ್ಟಿ ಹೇಗಾದೀತು? ದಸರಾ ರಜೆಯಲ್ಲಿ ಟಾಂಜಾನಿಯಕ್ಕಾದರೆ ತರಂಗಿರೆಯಲ್ಲಿ ಎರಡು ರಾತ್ರಿ, ಎನ್‌ಗೊರೊಂಗೊರೊದಲ್ಲಿ ಒಂದು, ಉತ್ತರ ಸೆರೆಂಗೆಟಿಯಲ್ಲಿ ನಾಲ್ಕು. ಕೀನ್ಯಕ್ಕಾದರೆ ಅಂಬೊಸೆಲಿಯಲ್ಲಿ ಎರಡು, ಮಾರಾದಲ್ಲಿ ನಾಲ್ಕು. ನಗರದ ಸೆರಗಿನಲ್ಲಿಯೇ ಇರುವ, 1946ರಲ್ಲಿ ಸ್ಥಾಪಿತವಾದ ನೈರೋಬಿ ವನದಲ್ಲಿ ಒಂದು ಬೆಳಗು. ಫೆಬ್ರುವರಿಯಾದರೆ ಎನ್‌ಗೊರೊಂಗೊರೊ ಮತ್ತು ನ್ದುಟು ಎರಡೇ ಸಾಕು. ಕೀನ್ಯ, ಯುಗಾಂಡಗಳಿಂದ ಭಾರತಕ್ಕೆ ಮರಳುವವರಲ್ಲಿ ಹಳದಿ ಜ್ವರದ ಲಸಿಕೆಯ ಪತ್ರವಿರಬೇಕು. ಪ್ರಯಾಣಕ್ಕೆ ಹತ್ತು ದಿನ ಮುಂಚೆಯಾದರೂ ಲಸಿಕೆ ಆಗಿರತಕ್ಕದ್ದು.

ಸ್ವಾಹಿಲಿಯಲ್ಲಿ ‘ಸಫಾರಿ’ ಎಂದರೆ ಬೇಟೆಯೂ ಅಲ್ಲ, ಪಟ್ಟಿಯೂ ಅಲ್ಲ, ಬರಿಯ ಪಯಣ. ನಾಲ್ಕನೆಯ ಬೆಳಗಿನಲ್ಲಿಯೂ ಅದೇ ನದಿಯ ದಡಕ್ಕೆ ಹೋಗಿ ಕುಳಿತವನಿಗೆ, ಮೂರು ದಿನ ಹಿಂದು ಮುಂದು ನೋಡಿದ ಹಿಂಡು ನೀರಿಗೆ ಇಳಿಯುವುದು ಕಾಣಿಸೀತು. ಕಾಣಿಸದೆಯೂ ಹೋದೀತು. ಆದರೆ ಆ ವೇಳೆಗೆ ಅವನಿಗೆ ದಡದ ಮರಗಳು, ನೀರ್ಗುದುರೆಗಳ ಮಡು, ಗಾಳಿ ಬೀಸುವ ದಿಕ್ಕು ಎಲ್ಲವೂ ಪರಿಚಿತವಾಗಿರುತ್ತವೆ. ಬಿಟ್ಟುಬಂದ ಏಳು ವನಗಳ ಹೆಸರು ಆಗ ಅವನ ನೆನಪಿಗೂ ಬರಲಾರದು.