ಸಿವಿಎಸ್‌ನಿಂದ ಗಿಟ್‌ಗೆ, ಚರಿತ್ರೆ ಸಮೇತ

ಸಹಕಾರಿ ಬ್ಯಾಂಕುಗಳ ಬಡ್ಡಿ ಲೆಕ್ಕ ಹಾಕುವ ನಮ್ಮ ಸಾಫ್ಟ್‌ವೇರ್ ಬೆಳೆದದ್ದೆಲ್ಲ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಿವಿಎಸ್‌ನಲ್ಲಿ. ಅದನ್ನು ಗಿಟ್‌ಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. "ಇವತ್ತಿನ ಕೋಡ್ ಹಾಕಿಬಿಡಿ ಮೇಡಂ, ಹಳೇ ಹಿಸ್ಟರಿ ಯಾರು ನೋಡ್ತಾರೆ?" ಎಂದರು ಮ್ಯಾನೇಜರ್. ನಾನು ಒಪ್ಪಲಿಲ್ಲ. ಪೈಸೆ ರೌಂಡ್ ಮಾಡುವ ಒಂದು ಸಾಲು ಹಾಗೇಕಿದೆ ಎಂಬುದು ಕೋಡಿನಲ್ಲಿ ಎಲ್ಲೂ ಇಲ್ಲ, ಕಮಿಟ್ ಸಂದೇಶದಲ್ಲಿ ಮಾತ್ರ ಇದೆ. ಬರೆದವರನ್ನೇ ಕೇಳೋಣವೆಂದರೆ ಅವರು ತೀರಿಕೊಂಡಿದ್ದಾರೆ.

ಸಿವಿಎಸ್ ಪ್ರತಿ ಫೈಲಿನ ಚರಿತ್ರೆಯನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಹತ್ತು ಫೈಲುಗಳನ್ನು ಒಟ್ಟಿಗೆ ತಿದ್ದಿದರೂ ಅದು ಒಂದೇ ತಿದ್ದುಪಡಿ ಎಂದು ಅದಕ್ಕೆ ಗೊತ್ತಾಗದು. ಸಿವಿಎಸ್‌ಟುಗಿಟ್ ಎಂಬ ಪರಿವರ್ತನೆಯ ಸಾಧನ, ಕಮಿಟ್ ಮಾಡಿದವರ ಹೆಸರು, ಸಂದೇಶ, ಹತ್ತಿರದ ಸಮಯ ನೋಡಿ ಅವನ್ನು ಕೂಡಿಸುತ್ತದೆ. ಖಾಲಿ ಸಂದೇಶದ ಕಮಿಟ್‌ಗಳಲ್ಲಿ ಸಂಬಂಧವಿಲ್ಲದ್ದೂ ಕೂಡಿಕೊಂಡಿತ್ತು. ಸೆಟ್ಟಿಂಗ್ ಬದಲಿಸಿದಾಗೆಲ್ಲ ರಾತ್ರಿಯಿಡೀ ಮತ್ತೆ ಓಡಿಸಬೇಕು. ಬೆಳಿಗ್ಗೆ ಪ್ರತಿ ಟ್ಯಾಗನ್ನೂ ಎರಡೂ ಕಡೆಯಿಂದ ತೆಗೆದು ಹೋಲಿಸಬೇಕು. ಫೈಲಿನ ತಲೆಯಲ್ಲಿ ಸಿವಿಎಸ್ ತುಂಬುವ ಐಡಿ ಸಾಲಿನಿಂದಾಗಿ ಎಲ್ಲ ಫೈಲೂ ಬೇರೆಯೆಂದೇ ಕಾಣುತ್ತಿತ್ತು. ಅದನ್ನು ವಿಸ್ತರಿಸದಂತೆ ತೆಗೆದು ಹೋಲಿಸಿದ ಮೇಲಷ್ಟೇ ನಿಜವಾದ ವ್ಯತ್ಯಾಸಗಳು ಕಂಡವು.

ಹೆಸರು ಬದಲಾದ ಫೈಲುಗಳು ನನ್ನನ್ನು ಹಣ್ಣು ಮಾಡಿದವು. ಸಿವಿಎಸ್‌ನಲ್ಲಿ ಹೆಸರು ಬದಲಿಸುವ ಸೌಲಭ್ಯವೇ ಇಲ್ಲ, ಹಳೆಯದನ್ನು ಅಳಿಸಿ ಹೊಸ ಹೆಸರಿನಲ್ಲಿ ಸೇರಿಸಬೇಕು. ಅಳಿಸಿದ ಫೈಲು 'ಆಟಿಕ್' ಡೈರೆಕ್ಟರಿಗೆ ಹೋಗುತ್ತದೆ, ಹೊಸ ಹೆಸರಿನದು 1.1ರಿಂದ ಶುರುವಾಗುತ್ತದೆ. ಗಿಟ್ ಕೂಡ ಹೆಸರಿನ ಬದಲಾವಣೆಯನ್ನು ಬರೆದಿಡುವುದಿಲ್ಲ. ನೋಡುವಾಗ ಹೋಲಿಕೆಯಿಂದ ಊಹಿಸುತ್ತದೆ. ನಾವೇ ಬೇರೆ ಹೇಳದಿದ್ದರೆ ಶೇಕಡಾ 50 ಹೋಲಿಕೆ ಬೇಕು. ಬಡ್ಡಿಯ ಫೈಲಿನ ಹೆಸರು ಬದಲಿಸಿದವರು ಒಳಗೂ ಅರ್ಧಕ್ಕಿಂತ ಹೆಚ್ಚು ತಿದ್ದಿದ್ದರು. ಹಾಗಾಗಿ ಹಳೆಯ ಹೆಸರನ್ನೂ ಹಿಂಬಾಲಿಸುವ 'ಫಾಲೋ' ಆಯ್ಕೆ ಕೊಟ್ಟರೂ ಲಾಗ್ ಅಲ್ಲಿಗೇ ನಿಲ್ಲುತ್ತಿತ್ತು, ನಾನು ಉಳಿಸಹೊರಟ ಸಂದೇಶ ಅದರ ಆಚೆಗಿತ್ತು. ಹೆಸರು ಬದಲಾವಣೆಯನ್ನೇ ಒಂದು ಕಮಿಟ್, ತಿದ್ದುಪಡಿಯನ್ನು ಇನ್ನೊಂದು ಕಮಿಟ್ ಎಂದು ಬೇರ್ಪಡಿಸಿದೆ. ಹಾಗೆ ಮಾಡಿದೆನೆಂದು ಸಂದೇಶದಲ್ಲೇ ಬರೆದೆ. ಚರಿತ್ರೆಯನ್ನು ಮುಟ್ಟಿದವರು ಮುಟ್ಟಿದ್ದನ್ನು ಹೇಳಲೇಬೇಕು.

ಇನ್ನು ಕೆಲವು ಫೈಲುಗಳನ್ನು ಹಿಂದೆ ಯಾರೋ ಸಿವಿಎಸ್ ಸರ್ವರ್‌ನೊಳಗೇ ಕೈಯಿಂದ ಬೇರೆ ಡೈರೆಕ್ಟರಿಗೆ ಸರಿಸಿದ್ದರು. ಹಳೆಯ ಟ್ಯಾಗ್ ತೆಗೆದರೂ ಅವು ಹೊಸ ಜಾಗದಲ್ಲೇ ಬರುತ್ತಿದ್ದವು. ಎರಡೂ ಕಡೆ ತಪ್ಪು ಒಂದೇ ಆದ್ದರಿಂದ ಹೋಲಿಕೆಯಲ್ಲಿ ಸಿಗಲಿಲ್ಲ, ಬಿಲ್ಡ್ ಮುರಿದಾಗ ಗೊತ್ತಾಯಿತು. ಗ್ರಾಹಕರಿಗೆ ಕೊಟ್ಟಿದ್ದ ಸೋರ್ಸ್ ಸಿಡಿಗಳನ್ನು ಹುಡುಕಿಸಿ, ಅವುಗಳಲ್ಲಿದ್ದಂತೆ ಫೈಲುಗಳನ್ನು ಜೋಡಿಸಿ ಆ ಟ್ಯಾಗ್‌ಗಳನ್ನು ಸರಿಪಡಿಸಿದೆವು. ಒಂದು ಟ್ಯಾಗಿನ ಸಿಡಿ ಸಿಗಲೇ ಇಲ್ಲ. ಅದು ಬಿಲ್ಡ್ ಆಗದು ಎಂದು ಟಿಪ್ಪಣಿ ಹಾಕಿ, ಹಳೆಯ ಸಿವಿಎಸ್ಸನ್ನು ಓದಲಷ್ಟೇ ಬರುವಂತೆ ಮಾಡಿ ಉಳಿಸಿಕೊಂಡಿದ್ದೇವೆ.