ಹಗ್ಗ ಅಳೆಯದೆ ಗಾಳಿಯನ್ನು ಬೈದವರು

ಊರಿನಲ್ಲಿದ್ದಾಗ ನಾವೆಲ್ಲ ಗಾಳಿಪಟ ಹಾರಿಸಿದವರೇ. ಹಳೆಯ ಪತ್ರಿಕೆ, ತೆಂಗಿನ ಗರಿಯ ಕಡ್ಡಿ, ಅನ್ನದ ಅಗುಳಿನ ಅಂಟು, ಇಷ್ಟಿದ್ದರೆ ಸಾಕಿತ್ತು. ಪಟ ಒಂದು ಬದಿಗೆ ವಾಲಿದರೆ ಸೂತ್ರ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆವು. ಗಿರಕಿ ಹೊಡೆದರೆ ಬಾಲಂಗೋಚಿಗೆ ಇನ್ನೊಂದು ತುಂಡು ಬಟ್ಟೆ ಸೇರಿಸುತ್ತಿದ್ದೆವು. ಪಟ ಹಾರದಿದ್ದರೆ ತಪ್ಪು ಕಟ್ಟಿದವರದ್ದು ಎಂಬುದು ಹತ್ತು ವರ್ಷದ ಮಕ್ಕಳಾದ ನಮಗೂ ಗೊತ್ತಿತ್ತು. ದೊಡ್ಡವರಾದ ಮೇಲೆ ಅದನ್ನೇ ಮರೆತೆವು.

2013ರ ಮಾತು. ದುಬೈಯ ಒಂದೇ ಫ್ಲ್ಯಾಟಿನಲ್ಲಿ ನಾವು ಮೂವರು ಕರಾವಳಿಯವರು ವಾಸವಾಗಿದ್ದೆವು. ಆಗ ಶುಕ್ರವಾರ ವಾರದ ರಜೆ. ಸಂಜೆ ಉಮ್ಮ್ ಸುಖೈಮ್‌ನ ಕಡಲ ತೀರಕ್ಕೆ ಹೋದರೆ ಬುರ್ಜ್ ಅಲ್ ಅರಬ್‌ನ ಹಿನ್ನೆಲೆಯಲ್ಲಿ ಬಣ್ಣ ಬಣ್ಣದ ದೊಡ್ಡ ಪಟಗಳು ಹಾರುತ್ತಿದ್ದವು. ಅವುಗಳ ಕೆಳಗೆ ಕಾಲಿಗೆ ಹಲಗೆ ಕಟ್ಟಿಕೊಂಡ ಜನ ನೀರಿನ ಮೇಲೆ ಜಾರುತ್ತಿದ್ದರು. ಪಂಪು ಹೊಡೆದು ಗಾಳಿ ತುಂಬುವ ಪಟ ಅದು. ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಫ್ರೆಂಚ್ ಸಹೋದರರು 1984ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಮುಂಭಾಗದಲ್ಲಿ ಗಾಳಿ ತುಂಬಿದ ಕೊಳವೆ ಇರುವುದರಿಂದ ಪಟ ನೀರಿಗೆ ಬಿದ್ದರೂ ಮುಳುಗದು, ಮತ್ತೆ ಎಬ್ಬಿಸಬಹುದು. ಇಡೀ ಉಪಾಯ ಇಷ್ಟೇ.

ನಾವೂ ತರಬೇತಿಗೆ ಸೇರಿದೆವು. ಕಲಿತ ಮೇಲೆ ಹೊಸ ಪಟದ ಬೆಲೆ ಕೇಳಿ ಹೌಹಾರಿದೆವು. ಮೂವರೂ ಹಣ ಹಾಕಿ, ಊರಿಗೆ ಮರಳಲಿದ್ದ ಫಿಲಿಪ್ಪೀನ್ಸ್‌ನ ಯುವಕನೊಬ್ಬನಿಂದ 12 ಚದರ ಮೀಟರಿನ ಹಳೆಯ ಪಟವನ್ನು ಅದರ ಬಾರ್ ಮತ್ತು ಹಗ್ಗಗಳ ಸಮೇತ ಕೊಂಡೆವು. ಅವನು ಏನೇನೋ ವಿವರಿಸುತ್ತಿದ್ದ. ನಾವು ಬಟ್ಟೆಯಲ್ಲಿ ಹರಿದ ಗುರುತುಗಳಿವೆಯೇ ಎಂದು ಹುಡುಕುವುದರಲ್ಲಿ, ಬೆಲೆ ಇಳಿಸುವುದರಲ್ಲಿ ಮಗ್ನರಾಗಿದ್ದೆವು.

ಮೊದಲ ವಾರವೇ ತೊಂದರೆ ಶುರುವಾಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮುಂದಿನ ಕೊಳವೆ ಮೆತ್ತಗಾಗುತ್ತಿತ್ತು. ಚೆನ್ನಾಗಿ ಗಾಳಿ ತುಂಬಿದ ಕೊಳವೆಯನ್ನು ಬೆರಳಿನಿಂದ ಚಿಮ್ಮಿದರೆ ಟಣ್ ಎನ್ನಬೇಕು. ನಮ್ಮದು ಹಳೆಯ ದಿಂಬಿನಂತೆ ದಪ್ಪೆನ್ನುತ್ತಿತ್ತು. ಕೊಳವೆ ಬಿಗಿಯಾಗಿಲ್ಲದಿದ್ದರೆ ಪಟ ತನ್ನ ಆಕಾರ ಉಳಿಸಿಕೊಳ್ಳುವುದಿಲ್ಲ, ಗಾಳಿ ಜೋರಾದಾಗ ನಡುವೆ ಮಡಚಿಕೊಳ್ಳುತ್ತದೆ. ವಾಲ್ವಿಗೆ ಸಾಬೂನು ನೀರು ಸವರಿದೆವು. ಗುಳ್ಳೆ ಬರಲಿಲ್ಲ. ಹಾಗಾದರೆ ತೂತು ಇರುವುದು ಒಳಗಿನ ಬ್ಲಾಡರಿನಲ್ಲಿಯೇ. ಅದರ ಎರಡೂ ತುದಿಗೆ ಉದ್ದನೆಯ ದಾರ ಕಟ್ಟಿ ಹೊರಗೆಳೆದೆವು. ದಾರ ಕಟ್ಟದೆ ಎಳೆದರೆ ಮತ್ತೆ ಒಳ ಸೇರಿಸುವುದು ದೊಡ್ಡ ಸಾಹಸ. ಸ್ನಾನದ ತೊಟ್ಟಿಗೆ ನೀರು ತುಂಬಿಸಿ, ಊರಿನ ಸೈಕಲ್ ಅಂಗಡಿಯವರು ಟ್ಯೂಬು ಮುಳುಗಿಸುವ ಹಾಗೆ, ಸ್ವಲ್ಪ ಸ್ವಲ್ಪವೇ ಅದುಮಿ ನೋಡಿದೆವು. ಕೊನೆಗೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಸಾಲು ಕಂಡಿತು. ಗುರುತು ಹಾಕಿ, ಒರೆಸಿ ಒಣಗಿಸಿ, ಪ್ಯಾಚ್ ಅಂಟಿಸಿದೆವು. ಪೌಡರು ಸವರಿ, ತಿರುಚಿಕೊಳ್ಳದಂತೆ ನಿಧಾನವಾಗಿ ಒಳಕ್ಕೆಳೆದೆವು. ನಮ್ಮ ಹೆಮ್ಮೆಗೆ ಪಾರವಿರಲಿಲ್ಲ.

ಆದರೆ ಮುಂದಿನ ಶುಕ್ರವಾರ ಹೊಸ ಸಮಸ್ಯೆ. ಕೊಳವೆ ಕಲ್ಲಿನಂತೆ ಗಟ್ಟಿಯಾಗಿದ್ದರೂ ಪಟ ನೆತ್ತಿಯ ಮೇಲೆ ಬಂದು ನಿಂತ ಕೂಡಲೇ ಹಿಂದಕ್ಕೆ ಜಾರಿ ಬೀಳುತ್ತಿತ್ತು. ಗಾಳಿ ಸರಿಯಿಲ್ಲವೆಂದೆವು. ಬಟ್ಟೆ ಹಳತಾಗಿದೆಯೆಂದೆವು. ಕೊನೆಗೆ ಮಾರಿದವನೇ ಮೋಸಗಾರನೆಂದು ತೀರ್ಮಾನಿಸಿದೆವು. ಅವನಿನ್ನೂ ಊರಿಗೆ ಹೋಗಿರಲಿಲ್ಲ. ತೀರದಲ್ಲಿ ಸಿಕ್ಕಾಗ ನಾಲ್ಕು ಜನರ ಎದುರಿಗೇ, ಕೆಟ್ಟ ಮಾಲು ಕೊಟ್ಟು ದುಡ್ಡು ಹೊಡೆದೆಯೆಂದು ಜೋರು ಮಾಡಿದೆವು. ಅವನ ಮುಖ ಸಣ್ಣದಾಯಿತು. ಏನೋ ಹೇಳಲು ಬಂದ. ನಾವು ಕೇಳಲಿಲ್ಲ.

ಎರಡು ವಾರದ ಬಳಿಕ ಆಗಬಾರದ್ದು ಆಗಿಯೇ ಹೋಗುತ್ತಿತ್ತು. ಹಿಂದಕ್ಕೆ ಜಾರಿದ ಪಟ ಗಾಳಿಯಲ್ಲಿ ತಿರುಚಿಕೊಂಡು ದಡದ ಕಡೆಗೆ ನುಗ್ಗಿ, ಮರಳಿನಲ್ಲಿ ಆಡುತ್ತಿದ್ದ ಒಂದು ಮಗುವಿನಿಂದ ಎರಡು ಮಾರು ದೂರದಲ್ಲಿ ಅಪ್ಪಳಿಸಿತು. ಹಿಡಿದಿದ್ದವರು ತುರ್ತು ಕೊಂಡಿಯನ್ನು ತಕ್ಷಣ ತಳ್ಳಿ ಬಿಡಿಸಿದ್ದರಿಂದ ಹಗ್ಗಗಳು ಸಡಿಲಾದವು. ಇಲ್ಲದಿದ್ದರೆ ಆ ತೆಳ್ಳನೆಯ ಬಿಗಿ ಹಗ್ಗ ಕತ್ತಿಯಂತೆ ಕೊಯ್ಯಬಲ್ಲದು. ಮಗುವಿನ ತಂದೆ ನಮ್ಮನ್ನು ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು, ಒಮ್ಮೆ ನಮ್ಮತ್ತ ನೋಡಿ, ದೂರ ಹೋದರು. ಬೈದಿದ್ದರೆ ವಾಸಿಯಿತ್ತು.

ಎಲ್ಲವನ್ನೂ ನೋಡುತ್ತಿದ್ದ ಟ್ಯುನೀಶಿಯಾದ ಹಿರಿಯರೊಬ್ಬರು ಬಳಿಗೆ ಬಂದು ಒಂದೇ ಪ್ರಶ್ನೆ ಕೇಳಿದರು: "ಹಗ್ಗಗಳನ್ನು ಕೊನೆಯ ಬಾರಿ ಅಳೆದದ್ದು ಯಾವಾಗ?" ನಾವು ಮುಖ ಮುಖ ನೋಡಿಕೊಂಡೆವು.

ಅವರೇ ತೋರಿಸಿಕೊಟ್ಟರು. ನಾಲ್ಕು ಹಗ್ಗಗಳ ತುದಿಗಳನ್ನೂ ಒಂದು ಕಂಬಕ್ಕೆ ಸಿಕ್ಕಿಸಿ, ಪಟದ ಬಲ ತಗ್ಗಿಸುವ ಪಟ್ಟಿಯನ್ನು ಪೂರ್ತಿ ಸಡಿಲಿಸಿ, ಬಾರನ್ನು ಮೈಯತ್ತ ಪೂರ್ತಿ ಎಳೆದು ಹಿಡಿದರೆ ನಾಲ್ಕೂ ಸಮವಾಗಿ ಬಿಗಿಯಬೇಕು. ನಮ್ಮ ಮುಂದಿನ ಎರಡು ಹಗ್ಗಗಳು ಜೋಲುತ್ತಿದ್ದವು. 22 ಮೀಟರ್ ಹಗ್ಗದಲ್ಲಿ ಸುಮಾರು 8 ಸೆಂಟಿಮೀಟರ್ ವ್ಯತ್ಯಾಸ. ಪಟದ ಹೆಚ್ಚಿನ ಭಾರ ಹೊರುವುದು ಮುಂದಿನ ಹಗ್ಗಗಳು, ಹಾಗಾಗಿ ವರ್ಷಗಳು ಕಳೆದಂತೆ ಅವು ಹೆಚ್ಚು ಹಿಗ್ಗುತ್ತವೆ. ಆಗ ತಿರುಗಿಸಲೆಂದಿರುವ ಹಿಂದಿನ ಹಗ್ಗಗಳು ಗಿಡ್ಡವಾದಂತಾಗಿ ಪಟದ ಹಿಂಬದಿಯನ್ನು ಸದಾ ಜಗ್ಗುತ್ತಲೇ ಇರುತ್ತವೆ. ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದಂತೆ. ಗಾಳಿ ಬಟ್ಟೆಯ ಮೇಲೆ ಸರಾಗವಾಗಿ ಹರಿಯದೆ ಪಟ ಹಿಂದಕ್ಕೆ ಬೀಳುತ್ತದೆ. ಪರಿಹಾರಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಹಿಂದಿನ ಹಗ್ಗ ಸಿಕ್ಕಿಸುವಲ್ಲಿ ಸಾಲಾಗಿ ಗಂಟುಗಳಿರುತ್ತವೆ. ಎರಡೂ ಬದಿಯಲ್ಲಿ ಸಮನಾಗಿ, ಹಗ್ಗ ಉದ್ದವಾಗುವ ಗಂಟಿಗೆ ಬದಲಾಯಿಸಿದೆವು. ಒಂದೇ ಬದಿಯದನ್ನು ಬದಲಾಯಿಸಿದರೆ ಪಟ ಯಾವಾಗಲೂ ಒಂದು ಕಡೆಗೇ ಎಳೆಯುತ್ತದೆ.

ಪಟ ಎದ್ದಿತು. ನೆತ್ತಿಯ ಮೇಲೆ ನಿಂತಿತು. ಬೀಳಲಿಲ್ಲ. ನಮಗೆ ಮಾತ್ರ ಸಂತೋಷವಾಗಲಿಲ್ಲ.

ಆ ರಾತ್ರಿ ಫಿಲಿಪ್ಪೀನ್ಸ್‌ಗೆ ಫೋನು ಮಾಡಿದೆವು. ಯುವಕ ಅಷ್ಟರಲ್ಲಿ ಊರು ಸೇರಿದ್ದ. ತಪ್ಪಾಯಿತೆಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಬ್ರದರ್, ಪಟ ಕೊಟ್ಟ ದಿನವೇ ಹೇಳಿದ್ದೆ, ಮುಂದಿನ ಹಗ್ಗ ಹಿಗ್ಗಿದೆ, ಗಂಟು ಬದಲಿಸಿ ಅಂತ. ನೀವು ದುಡ್ಡು ಎಣಿಸುತ್ತಿದ್ದಿರಿ." ಆಮೇಲೆ ನಕ್ಕ. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಆದರೆ ನಾಲ್ಕು ಜನರ ಎದುರು ಅವನಿಂದ ಕಸಿದ ಮರ್ಯಾದೆಯನ್ನು ಫೋನಿನಲ್ಲಿ ಮರಳಿಸುವುದು ಹೇಗೆ? ಅಂದು ಅಲ್ಲಿದ್ದ ನಾಲ್ವರನ್ನು ಮುಂದಿನ ಶುಕ್ರವಾರಗಳಲ್ಲಿ ಹುಡುಕಿದೆವು. ಇಬ್ಬರು ಸಿಕ್ಕಿದರು. ಅವರಿಗೆ ನಿಜ ಹೇಳಿದೆವು. ಉಳಿದಿಬ್ಬರು ಸಿಗಲೇ ಇಲ್ಲ. ಅವರ ಪಾಲಿಗೆ ಆ ಯುವಕ ಇಂದಿಗೂ ಮೋಸಗಾರನೇ ಆಗಿರಬಹುದು.

ಆ ಪಟ ಈಗಿಲ್ಲ. ಬಿಸಿಲಿಗೆ ಬಟ್ಟೆ ಜೀರ್ಣವಾಗಿ ಹೋಯಿತು. ನಮ್ಮಲ್ಲಿಬ್ಬರು ಊರಿಗೆ ಮರಳಿಯೂ ಆಯಿತು. ಆದರೂ ಮನೆಯಲ್ಲೋ ಕೆಲಸದಲ್ಲೋ ಏನಾದರೂ ಕೆಟ್ಟು, ಯಾರ ಮೇಲಾದರೂ ಬೆರಳು ತೋರಿಸಬೇಕೆನಿಸಿದಾಗ ನಮ್ಮೊಳಗೆ ಯಾರಾದರೊಬ್ಬರು ಕೇಳುವುದುಂಟು: "ಹಗ್ಗ ಅಳೆದೆಯಾ ಮಾರಾಯಾ?" ಕಣ್ಣಿಗೆ ಕಾಣದ ಎಂಟು ಸೆಂಟಿಮೀಟರನ್ನು ಅಳೆಯುವ ತಾಳ್ಮೆ ಇಲ್ಲದೆ ಒಬ್ಬ ಮನುಷ್ಯನನ್ನು ಅಳೆದುಬಿಟ್ಟಿದ್ದೆವಲ್ಲ, ಆ ನಾಚಿಕೆ ಇನ್ನೂ ನಮ್ಮ ಜೊತೆಗಿದೆ. ಇರಲಿ, ಅದು ಹೋಗುವುದು ಬೇಡ.