ಅಲ್ಲಾಡಬೇಡಿ, ಇಲ್ಲಿ ನೋಡಿ

ಇವತ್ತಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಯಾರೋ ದೀಪ ಬೆಳಗುತ್ತಿದ್ದಾರೆ. ಸರಿಯಾಗಿ ನೋಡಿದರೆ, ಬೆಳಗುತ್ತಿಲ್ಲ. ಮೇಣದಬತ್ತಿ ಹಿಡಿದ ಕೈ ಬತ್ತಿಯ ಹತ್ತಿರ ನಿಂತಿದೆ, ಆ ಕೈಗೆ ತಗಲಿಕೊಂಡು ಇನ್ನೂ ನಾಲ್ಕು ಕೈಗಳು ನಿಂತಿವೆ, ವೇದಿಕೆಯ ಮೇಲಿನ ಅಷ್ಟೂ ಕಣ್ಣುಗಳು ದೀಪವನ್ನು ಬಿಟ್ಟು ಕ್ಯಾಮೆರಾ ನೋಡುತ್ತಿವೆ. ದೀಪ ಹತ್ತಿತೋ ಇಲ್ಲವೋ ಎಂಬ ಚಿಂತೆ ಅಲ್ಲಿ ಒಬ್ಬರಿಗೂ ಇದ್ದಂತಿಲ್ಲ. ಕೆಳಗೆ ಸಸಿ ನೆಡುವವರದೂ ಇದೇ ಕಥೆ: ಹಾರೆ ಹಿಡಿದವರ ಬಿಳಿ ಅಂಗಿಯ ಇಸ್ತ್ರಿ ಕೆಟ್ಟಿಲ್ಲ. ಚೆಕ್ ಹಸ್ತಾಂತರದ ಫೋಟೋದಲ್ಲಂತೂ ಕೊಡುವವರು ಕೊಡುವುದಿಲ್ಲ, ತೆಗೆದುಕೊಳ್ಳುವವರು ತೆಗೆದುಕೊಳ್ಳುವುದಿಲ್ಲ. ಇಬ್ಬರೂ ಕಾಗದದ ಒಂದೊಂದು ಅಂಚು ಹಿಡಿದು ನಮ್ಮತ್ತ ನಗುತ್ತಾರೆ. ದಾಖಲೆ ಬೇಕು, ಒಪ್ಪೋಣ. ಆದರೆ ಇಂಥ ಫೋಟೋವನ್ನು ಅದರೊಳಗೆ ಇರುವವರಲ್ಲದೆ ಬೇರೆ ಯಾರಾದರೂ ಎರಡನೇ ಸಲ ನೋಡುತ್ತಾರೆಯೇ? ನನ್ನ ತಕರಾರು ಇಷ್ಟೆ: ಚಲನೆಯನ್ನು ಅರ್ಧದಲ್ಲಿ ಹಿಡಿದಾಗ ಉಳಿದರ್ಧವನ್ನು ನೋಡುವವರೇ ಮುಗಿಸಬೇಕಾಗುತ್ತದೆ, ಮನಸ್ಸು ಕದಲುವುದು ಆ ಕೆಲಸದಲ್ಲಿ. ಮೊದಲೇ ಎಲ್ಲರನ್ನೂ ನಿಲ್ಲಿಸಿ ತೆಗೆದರೆ ನೋಡುವವರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಅಲ್ಲಾಡದೆ ನಿಲ್ಲುವ ಈ ಶಿಸ್ತು ಹುಟ್ಟಿದ್ದು ಯಂತ್ರದ ದೌರ್ಬಲ್ಯದಿಂದ. 1838ರಲ್ಲಿ ಲೂಯಿ ದಾಗೇರ್ ಪ್ಯಾರಿಸ್ಸಿನ ಬುಲ್‌ವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಕಿಟಕಿಯಿಂದ ಸೆರೆಹಿಡಿದ. ತಟ್ಟೆಯ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಾಗಿದ್ದ ಕಾಲ. ಹಾಗಾಗಿ ಆ ಗಿಜಿಗುಡುವ ಬೀದಿಯ ಗಾಡಿ, ಕುದುರೆ, ಜನ ಎಲ್ಲ ಮಾಯವಾಗಿ ರಸ್ತೆ ಬಿಕೋ ಎನ್ನುತ್ತದೆ. ಕೆಳಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲೆತ್ತಿ ನಿಂತಿದ್ದವನು ಮಾತ್ರ ಉಳಿದ. ಪಾಲಿಶ್ ಮಾಡುತ್ತಿದ್ದವನು ಕೈಯಾಡಿಸುತ್ತಿದ್ದ ತಪ್ಪಿಗೆ ಮಸುಕಾದ. ಕೆಲಸಕ್ಕೆಂದು ಹೊರಟಿದ್ದ ಅಷ್ಟು ಜನರ ಗುರುತೇ ಇಲ್ಲ, ನಿಂತು ಸೇವೆ ಮಾಡಿಸಿಕೊಂಡವನ ಹೆಸರು ಗೊತ್ತಿಲ್ಲದಿದ್ದರೂ ಅವನು ಇತಿಹಾಸ ಸೇರಿದ. ಆಮೇಲೆ ಸ್ಟುಡಿಯೋಗಳಲ್ಲಿ ಗಿರಾಕಿಯ ತಲೆ ಅಲ್ಲಾಡದಿರಲಿ ಎಂದು ಹಿಂದಿನಿಂದ ಕಬ್ಬಿಣದ ಹಿಡಿಕೆ ಕೊಟ್ಟು ಕೂರಿಸುತ್ತಿದ್ದರು. ಈಗ ಜೇಬಿನೊಳಗಿನ ಫೋನೇ ಒಳ್ಳೆಯ ಬೆಳಕಿದ್ದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲನ್ನು ಹಿಡಿಯುತ್ತದೆ. ಕಾಯಿಲೆ ವಾಸಿಯಾಗಿ ಎಷ್ಟೋ ಕಾಲವಾಯಿತು, ನಾವಿನ್ನೂ ಪಥ್ಯ ಬಿಟ್ಟಿಲ್ಲ.

ಹಾಗೆಂದು ಓಡುವುದನ್ನೆಲ್ಲ ಕ್ಲಿಕ್ಕಿಸಿದರೆ ಸಾಕೆಂದಲ್ಲ. ಛಾಯಾಗ್ರಾಹಕ ಮೈಬ್ರಿಜ್‌ನ ಕುದುರೆಯ ಕಥೆ ಎಲ್ಲರಿಗೂ ಗೊತ್ತು, ಬೇಗ ದಾಟಿಬಿಡೋಣ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ 12 ಕ್ಯಾಮೆರಾ ಇಟ್ಟು, ಓಡುವ ಕುದುರೆಯ ನಾಲ್ಕೂ ಗೊರಸು ಒಂದು ಗಳಿಗೆ ನೆಲ ಬಿಟ್ಟಿರುತ್ತವೆಂದು ತೋರಿಸಿದ. ಮುಂದೆ ಹಿಂದೆ ಕಾಲು ಚಾಚಿ ಹಾರುವ ಕುದುರೆಗಳನ್ನು ಬರೆಯುತ್ತಿದ್ದ ಚಿತ್ರಕಾರರು ಪೆಚ್ಚಾದರು. ಅದರಿಂದ ತಿಳಿವಳಿಕೆ ಬೆಳೆಯಿತು, ಎದೆಯೇನೂ ಹೊಡೆದುಕೊಳ್ಳಲಿಲ್ಲ, ಏಕೆಂದರೆ ಒಂದು ಚೌಕದ ಮುಂದಿನ ಗಳಿಗೆ ಪಕ್ಕದ ಚೌಕದಲ್ಲೇ ಇದೆ. ಅದರ ಬದಲು ಛಾಯಾಗ್ರಾಹಕ ಕಾರ್ತಿಯೆ ಬ್ರೆಸ್ಸಾನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ತೆಗೆದ ಫೋಟೋ ನೋಡಿ. ನೀರು ನಿಂತ ಜಾಗದಲ್ಲಿ ಅಡ್ಡ ಬಿದ್ದ ಏಣಿಯಿಂದ ಒಬ್ಬಾತ ನೆಗೆದಿದ್ದಾನೆ. ಹಿಮ್ಮಡಿಗೂ ನೀರಿಗೂ ಕೂದಲೆಳೆಯಷ್ಟು ಅಂತರ. ನೀರಿನಲ್ಲಿ ಅವನ ನೆರಳು ಇನ್ನೂ ಇಡಿಯಾಗಿದೆ, ಹಿಂದಿನ ಗೋಡೆಯ ಪೋಸ್ಟರಿನಲ್ಲಿ ನರ್ತಕಿಯೊಬ್ಬಳು ಹಾಗೆಯೇ ನೆಗೆಯುತ್ತಿದ್ದಾಳೆ. ಮುಂದಿನ ಗಳಿಗೆಯಲ್ಲಿ ಷರಾಯಿ ಒದ್ದೆಯಾಗುವುದು ಖಂಡಿತ. ಆ ಒದ್ದೆ ಫೋಟೋದಲ್ಲಿಲ್ಲ, ನಮ್ಮ ಕಾಲಿಗೆ ಬಂದಿರುತ್ತದೆ.

ಚಲನೆಯೇ ಬೇಕಿದ್ದರೆ ವಿಡಿಯೋ ಇದೆಯಲ್ಲ, ರೀಲ್ಸ್ ಇದೆಯಲ್ಲ ಎನ್ನಬಹುದು. ಇದಕ್ಕೆ ಉತ್ತರ 1972ರ ಜೂನ್ 8ರಂದೇ ಸಿಕ್ಕಿದೆ. ವಿಯೆಟ್ನಾಮಿನ ಟ್ರಾಂಗ್ ಬಾಂಗ್ ಹಳ್ಳಿಯ ಮೇಲೆ ನೇಪಾಮ್ ಎಂಬ ಬೆಂಕಿಬಾಂಬು ಬಿದ್ದಾಗ ಅಲ್ಲಿ ಟಿ.ವಿ.ಯವರ ಚಲನಚಿತ್ರ ಕ್ಯಾಮೆರಾಗಳೂ ಓಡುತ್ತಿದ್ದವು. ಆ ದೃಶ್ಯ ಇವತ್ತಿಗೂ ಇದೆ. ಆದರೆ ಜಗತ್ತಿನ ನೆನಪಿನಲ್ಲಿ ಕೂತದ್ದು, ಬಟ್ಟೆ ಸುಟ್ಟುಹೋಗಿ ತೋಳು ಚಾಚಿ ಓಡಿಬರುವ ಒಂಬತ್ತು ವರ್ಷದ ಹುಡುಗಿಯ ಒಂದು ಕಪ್ಪು ಬಿಳುಪು ಫೋಟೋ. ಮಕ್ಕಳು ಓಡುತ್ತಿದ್ದಾರೆ, ಹಿಂದೆ ಸೈನಿಕರು ನಡೆದು ಬರುತ್ತಿದ್ದಾರೆ. ಆ ಎರಡು ವೇಗಗಳ ನಡುವಿನ ಅಂತರ ಚಲನಚಿತ್ರದಲ್ಲಿ ಸರ್ರನೆ ಸರಿದುಹೋಗುತ್ತದೆ, ಫೋಟೋದಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ವಿಡಿಯೋ ಆ ಓಟವನ್ನು ತಾನೇ ಮುಗಿಸಿಕೊಡುತ್ತದೆ. ಫೋಟೋದಲ್ಲಿ ಆ ಮಗು ನಮ್ಮ ಕಡೆಗೇ ಓಡಿ ಬರುತ್ತಿದೆ, ಇನ್ನೂ ತಲುಪಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು: ಕೂತಲ್ಲೇ ಕೂತವರ ಫೋಟೋ ಜನರನ್ನು ಕಲಕಿಲ್ಲವೇ? 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿಯ ಫೋಟೋದಲ್ಲಿ ಓಟವೂ ಇಲ್ಲ, ನೆಗೆತವೂ ಇಲ್ಲ. ನಿಜ. ಆದರೆ ಬೆರಳುಗಳು ಕೆನ್ನೆಗೆ ಹೋಗಿವೆ, ದೃಷ್ಟಿ ಚೌಕಟ್ಟಿನಾಚೆ ಎಲ್ಲೋ ಇದೆ, ಇಬ್ಬರು ಮಕ್ಕಳು ನಮಗೆ ಬೆನ್ನು ಹಾಕಿ ಅವಳ ಹೆಗಲಿಗೆ ಮುಖ ಒತ್ತಿದ್ದಾರೆ. ಯಾರೂ ನಮ್ಮನ್ನು ನೋಡುತ್ತಿಲ್ಲ, ಮುಂದೇನು ಎಂಬುದನ್ನು ನೋಡುತ್ತಿದ್ದಾರೆ. ಅಲ್ಲಿನ ಫೋಟೋಗಳು ಪತ್ರಿಕೆಯಲ್ಲಿ ಬಂದದ್ದೇ ಸರ್ಕಾರ ಬಿಡಾರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆ ಕುಟುಂಬ ಕೂಲಿ ಹುಡುಕಿಕೊಂಡು ಬೇರೆ ಊರಿಗೆ ಹೊರಟುಹೋಗಿತ್ತು. ಅಷ್ಟೇಕೆ, ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನಿಗಿಂತ ನಿಶ್ಚಲನಾದವನು ನಮ್ಮ ನಾಡಿನಲ್ಲಿ ಯಾರು? ಹತ್ತನೇ ಶತಮಾನದ ಆ ಶಿಲ್ಪಿ ಗೊಮ್ಮಟನ ಕಾಲಬಳಿ ಹುತ್ತ ಬೆಳೆಸಿ, ತೊಡೆಯಿಂದ ತೋಳಿಗೆ ಬಳ್ಳಿ ಹಬ್ಬಿಸಿದ. ನಿಂತವನ ಮೇಲೆ ಬಳ್ಳಿ ಏರುತ್ತಿರುವುದರಿಂದಲೇ ಅವನು ಎಷ್ಟು ಕಾಲದಿಂದ ನಿಂತಿದ್ದಾನೆಂದು ತಿಳಿಯುವುದು. ಬಳ್ಳಿ ತೆಗೆದರೆ ಅದು ಬರೀ ದೊಡ್ಡ ವಿಗ್ರಹ.

ಫೋಟೋ ಎಬ್ಬಿಸುವ ಉತ್ಸಾಹ ಕೆಲವು ಸಲ ದಾರಿ ತಪ್ಪುತ್ತದೆ ಎಂಬುದನ್ನು ಮಾತ್ರ ಒಪ್ಪಲೇಬೇಕು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸಿದ ಶ್ರೀನಿವಾಸ ಗೌಡರ ಫೋಟೋ ದೇಶವನ್ನೆಲ್ಲ ಸುತ್ತಿತು. 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ದಾಟಿದ ಸುದ್ದಿಗೆ ಚಿಮ್ಮುವ ನೀರು, ಉಬ್ಬಿದ ತೋಳು ಜೊತೆಯಾದದ್ದೇ ತಡ, ಜನ ಭಾಗಾಕಾರ ಮಾಡಿ ಉಸೇನ್ ಬೋಲ್ಟ್‌ನನ್ನು ಸೋಲಿಸಿಬಿಟ್ಟರು. ಆ ಗದ್ದಲದಲ್ಲಿ ತಲೆ ನೆಟ್ಟಗಿದ್ದದ್ದು ಗೌಡರೊಬ್ಬರದೇ: ವೇಗದಲ್ಲಿ ಕೋಣಗಳ ಪಾಲು ದೊಡ್ಡದು, ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನದು ಎಂದರು. ಎಷ್ಟೋ ಮಂದಿಯ ಕಣ್ಣು ಮಾತ್ರ ಕೋಣಗಳನ್ನು ಬಿಟ್ಟು ಓಡಿತು. ಇದಕ್ಕೆ ಫೋಟೋವನ್ನು ದೂರುವುದು ಸರಿಯಲ್ಲ. ಅರ್ಧ ಚಲನೆಯನ್ನು ನಮಗೆ ಬಿಟ್ಟುಕೊಡುವ ಕಲೆ, ನಾವು ಅದನ್ನು ತಪ್ಪಾಗಿ ಮುಗಿಸುವ ಅಪಾಯವನ್ನೂ ಹೊತ್ತೇ ಬರುತ್ತದೆ.

ಕಂಬಳದಲ್ಲಿ ಗಡಿಯಾರಕ್ಕೆ ಕೆಲಸವಿಲ್ಲದ ಒಂದು ವಿಭಾಗವೂ ಇದೆ, ಕನೆಹಲಗೆ. ಹಲಗೆಯ ಮೇಲೆ ನಿಂತವನನ್ನು ಕೋಣಗಳು ಎಳೆದುಕೊಂಡು ಹೋಗುವಾಗ ಹಲಗೆಯ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ಅದು ತಾಗಿತೇ ಎಂಬುದೊಂದೇ ತೀರ್ಪು. ಮೇಲೆದ್ದ ನೀರು ಬೀಳುವುದರೊಳಗೆ ಎಲ್ಲ ಮುಗಿದಿರುತ್ತದೆ. ಮುಂದಿನ ಕಂಬಳಕ್ಕೆ ಕ್ಯಾಮೆರಾ ಹೊತ್ತು ಹೋಗುವವರು ಬಹುಮಾನ ವಿತರಣೆಯ ವೇದಿಕೆಯನ್ನು ಬೇರೆಯವರಿಗೆ ಬಿಟ್ಟು, ನೀರು ಚಿಮ್ಮುವ ಹೊತ್ತಿಗೆ ನಿಶಾನೆಯ ಪಕ್ಕ ನಿಂತುಕೊಳ್ಳಿ.